ಒಂದೂವರೆ ಸುತ್ತು

ಅವಳು ವಿಮಾನ ಹತ್ತಿದ್ದು ಹಲ್ಲು ಕಟ್ಟುವುದಕ್ಕೆ. ಹೀಗೆಂದರೆ ಕೇಳಿದವರು ನಗುತ್ತಾರೆ. ನಗಲಿ, ಆ ನಗುವ ಹಲ್ಲುಗಳೂ ಒಂದು ದಿನ ಉದುರಿ ಅವಳಂಥವರ ಬಾಗಿಲಿಗೇ ಬರಬೇಕು. ಅವಳ ಅಪ್ಪನದು ಅದೇ ಕಸುಬು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದೆ, ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಅಡ್ಡಗೋಡೆ ಹಾಕಿ ಮಾಡಿದ ಕೋಣೆಯಲ್ಲಿ ಕೂತು ಆತ ಮೂವತ್ತು ವರ್ಷ ಮುದುಕರಿಗೆ ಹಲ್ಲು ಸೆಟ್ಟು ಮಾಡಿಕೊಟ್ಟಿದ್ದ. ಊರಿನ ಮುಕ್ಕಾಲು ಪಾಲು ಅಜ್ಜ ಅಜ್ಜಿಯರು ಅಪ್ಪ ಮಾಡಿದ ಹಲ್ಲಿನಲ್ಲೇ ಅಗಿಯುತ್ತಿದ್ದರು. ಹೊಗಳುವಾಗ ಮಾತ್ರ "ಡಾಕ್ಟರು ಕಟ್ಟಿದ ಹಲ್ಲು" ಎನ್ನುತ್ತಿದ್ದರು. ಅಪ್ಪನಿಗೆ ಅದರಿಂದ ಏನೂ ಅನ್ನಿಸುತ್ತಿರಲಿಲ್ಲ. ಮಗಳಿಗೆ ಅನ್ನಿಸುತ್ತಿತ್ತು. ಏಳನೇ ಕ್ಲಾಸಿನಲ್ಲಿರುವಾಗಲೇ ಒಬ್ಬ ಅಜ್ಜನಿಗೆ, "ಅದು ನಮ್ಮಪ್ಪ ಮಾಡಿದ್ದು, ಡಾಕ್ಟ್ರಿಗೆ ಮೇಣ ಕರಗಿಸೋಕೂ ಬರಲ್ಲ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಅಮ್ಮನ ಕೈಲಿ ಎರಡು ತಿಂದಿದ್ದಳು.

ಸಿಟ್ಟು ಅವಳಿಗೆ ಹುಟ್ಟಿನಿಂದ ಬಂದದ್ದು. ಕೆಲಸದ ಕೈಯೂ ಹಾಗೇ. ಗುಲಾಬಿ ಬಣ್ಣದ ಮೇಣದಲ್ಲಿ ಒಸಡು ಕೊರೆದು, ಅದರಲ್ಲಿ ಒಂದೊಂದೇ ಹಲ್ಲು ಕೂರಿಸಿದಳೆಂದರೆ ಅಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡುತ್ತಿದ್ದ. ಅದೇ ಕಸುಬಿನಲ್ಲಿ ಡಿಪ್ಲೊಮಾ ಮುಗಿಸಿದಳು. ಅಲ್ಲಿನ ಮೇಷ್ಟ್ರೊಬ್ಬರು ಅರ್ಜಿ ಹಾಕಿಸಿ ಹೊರದೇಶದ ದೊಡ್ಡ ಹಲ್ಲಿನ ಲ್ಯಾಬಿನಲ್ಲಿ ಒಂದು ವರ್ಷದ ಇಂಟರ್ನ್ ಕೆಲಸ ಕೊಡಿಸಿದರು. ಷರತ್ತು ಒಂದೇ. ವರ್ಷ ಮುಗಿಯುವುದರೊಳಗೆ ಅವಳ ಸಹಿ ಇರುವ ಇಪ್ಪತ್ತು ಸೆಟ್ಟು ತಪಾಸಣೆಯಲ್ಲಿ ಪಾಸಾಗಬೇಕು. ಪಾಸಾದರೆ ಸರ್ಟಿಫಿಕೇಟು, ಅದರ ಹಿಂದೆಯೇ ಕಾಯಂ ಕೆಲಸ. ಇಪ್ಪತ್ತು ಸೆಟ್ಟು ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ಅವಳ ಕಣ್ಣಿದ್ದದ್ದು ಸಹಿಯ ಮೇಲೆ. ತಾನು ಮಾಡಿದ ಹಲ್ಲಿಗೆ ತನ್ನ ಹೆಸರು!

ಹೋದ ಹೊಸದರಲ್ಲಿ ಎಲ್ಲರಿಗೂ ಆಗುವುದು ಅವಳಿಗೂ ಆಯಿತು. ಇಳಿಜಾರು ಚಾವಣಿಯ ಕೋಣೆ. ಹಾಸಿಗೆಯಿಂದ ಸರಕ್ಕನೆ ಎದ್ದರೆ ತಲೆ ತಾಗುತ್ತಿತ್ತು, ಮೊದಲ ವಾರ ಹಣೆಯ ಮೇಲೆ ಬೋರೆ ಇಳಿಯಲೇ ಇಲ್ಲ. ನಲ್ಲಿಯನ್ನು ಎಡಕ್ಕೆ ತಿರುಗಿಸಿದರೆ ಕೈ ಸುಡುವ ನೀರು, ಬಲಕ್ಕೆ ತಿರುಗಿಸಿದರೆ ಬೆರಳು ಮರಗಟ್ಟುವ ನೀರು, ನಡುವೆ ಏನೂ ಇಲ್ಲ. ಅಡುಗೆಮನೆ ಆರು ಜನಕ್ಕೆ ಸೇರಿದ್ದು. ಗೋಡೆಯ ಮೇಲಿನ ಪಟ್ಟಿಯಲ್ಲಿ ಅವಳ ಪಾಲಿಗೆ ಬೆಳಿಗ್ಗೆ ಆರೂವರೆಯಿಂದ ಏಳು, ಅಷ್ಟರಲ್ಲಿ ಅನ್ನ ಬೇಯಿಸಿ ಡಬ್ಬಿಗೆ ತುಂಬಿ ಒಲೆ ಒರೆಸಿಡಬೇಕು. ಕೋಣೆಯ ಇನ್ನೊಂದು ಮಂಚದಲ್ಲಿ ನಮ್ಮ ಕಡೆಯವಳೇ ಒಬ್ಬಳಿದ್ದಳು, ನಲವತ್ತು ದಾಟಿದವಳು, ಹೋಟೆಲಿನ ಲಾಂಡ್ರಿಯಲ್ಲಿ ದಿನಕ್ಕೆ ಇನ್ನೂರು ಬೆಡ್‌ಶೀಟಿಗೆ ಇಸ್ತ್ರಿ ಹಾಕುವವಳು. ಇವಳು ಅಕ್ಕ ಎಂದಳು, ಅವಳು ಅಕ್ಕನೇ ಆದಳು. ಬಸ್ಸಿನ ಕಾರ್ಡು ಹೇಗೆ ಒತ್ತುವುದು, ಯಾವ ಅಂಗಡಿಯಲ್ಲಿ ಸಂಜೆ ತರಕಾರಿ ಅರ್ಧ ಬೆಲೆಗೆ ಸಿಗುತ್ತದೆ, ಎದುರು ಸಿಕ್ಕವರಿಗೆ ಎಷ್ಟು ನಗಬೇಕು, ಎಲ್ಲ ಹೇಳಿಕೊಟ್ಟವಳು ಅವಳೇ. "ಜಾಸ್ತಿ ನಗಬೇಡ ಕಣೆ, ಏನೋ ಕೇಳೋಕೆ ಬಂದಿದ್ದಾಳೆ ಅಂದ್ಕೋತಾರೆ" ಎನ್ನುತ್ತಿದ್ದಳು.

ಲ್ಯಾಬು ಉದ್ದನೆಯ ಹಜಾರ. ಒಂದು ಪಕ್ಕಕ್ಕೆ ಸಾಲು ಕಿಟಕಿ, ಕಿಟಕಿಗೊಂದು ಮೇಜು, ಮೇಜಿಗೊಂದು ಸಣ್ಣ ಗ್ಯಾಸಿನ ಉರಿ. ಇನ್ನೊಂದು ಪಕ್ಕದಲ್ಲಿ ಚಾವಣಿಯವರೆಗೂ ಕಪಾಟು, ಅದರ ತುಂಬ ನಂಬರು ಅಂಟಿಸಿದ ಟ್ರೇಗಳು. ಒಂದು ಟ್ರೇ ಅಂದರೆ ಒಂದು ಬಾಯಿ. ಎಲ್ಲೋ ಒಬ್ಬ ಡಾಕ್ಟರು ತೆಗೆದು ಕಳಿಸಿದ ಅಚ್ಚು, ಬಾಯಿಯ ಅಳತೆ, ಆ ಬಾಯಿಯವರ ವಯಸ್ಸೆಷ್ಟು ಎಂದು ಬರೆದ ಚೀಟಿ. ಆ ಬಾಯಿಯವರನ್ನು ಲ್ಯಾಬಿನವರು ಯಾವತ್ತೂ ಕಾಣುವುದಿಲ್ಲ. ಪ್ಲಾಸ್ಟರಿನ ಮೇಲ್ದವಡೆ ಕೆಳದವಡೆಗಳನ್ನು ಹಿತ್ತಾಳೆಯ ಕೀಲುದವಡೆಗೆ ಕೂರಿಸುತ್ತಾರೆ. ಅದು ನಿಜವಾದ ಬಾಯಿಯ ಹಾಗೇ ತೆರೆಯುತ್ತದೆ, ಮುಚ್ಚುತ್ತದೆ. ಬಾಯಿ ಮುಚ್ಚಿದಾಗ ಎರಡು ದವಡೆಯ ನಡುವೆ ಎಷ್ಟು ಎತ್ತರ ಇರಬೇಕೆಂದು ಡಾಕ್ಟರು ಬರೆದಿರುತ್ತಾರೆ, ಅದಕ್ಕೆ ಸರಿಯಾಗಿ ಮುಂದಿನ ತಿರುಪನ್ನು ಬಿಗಿದು, ಆಮೇಲೆ ಯಾರೂ ಮುಟ್ಟದಿರಲಿ ಎಂದು ಅದರ ತಲೆಗೆ ಒಂದು ತೊಟ್ಟು ಕೆಂಪು ಮೇಣ ಬಿಡುತ್ತಾರೆ. ಆ ಎತ್ತರ ತಪ್ಪಿದರೆ ಮುಗಿಯಿತು. ಮೇಲಿನ ಹಲ್ಲು ಕೆಳಗಿನದಕ್ಕೆ ಟಕಟಕ ಬಡಿಯುತ್ತದೆ, ದವಡೆಗೆ ಬಿಡುವೇ ಸಿಗುವುದಿಲ್ಲ, ನೀರು ನುಂಗುವುದೂ ಕಷ್ಟ.

ಸೆಟ್ಟು ಮುಗಿದ ಮೇಲೆ ಮಾಡಿದವರು ಚೀಟಿಯ ಕೆಳಗೆ ಸಹಿ ಹಾಕಿ ತಪಾಸಣೆಗೆ ಇಡಬೇಕು. ವಾಪಸು ಬಂದರೆ ಸಹಿ ಹಾಕಿದವರೇ ಸರಿಮಾಡಬೇಕು. ಅಲ್ಲಿನ ಕಾನೂನು ಇಷ್ಟೇ. ಹೊರಗಿನ ವ್ಯವಹಾರವನ್ನೂ ತಪಾಸಣೆಯನ್ನೂ ನೋಡುತ್ತಿದ್ದವಳು ಯಜಮಾನಿ. ಗಾಜಿನ ಕೋಣೆಯಲ್ಲಿ ಕೂರುತ್ತಿದ್ದಳು, ಅಳೆದು ಮಾತಾಡುವವಳು. ಹಜಾರವನ್ನು ಆಳುತ್ತಿದ್ದವನು ಮೇಸ್ತ್ರಿ. ಅವರಾಡಿದ್ದು ಅವರ ಭಾಷೆ, ಅವಳು ಆಡಿದ್ದು ಕಲಿತಷ್ಟು ಭಾಷೆ. ನಾವು ಎಲ್ಲವನ್ನೂ ನಮ್ಮ ಮಾತಿನಲ್ಲೇ ಕೇಳಿಸಿಕೊಳ್ಳೋಣ.

ಮೇಸ್ತ್ರಿಗೆ ಅಲ್ಲಿ ಇಪ್ಪತ್ತಾರು ವರ್ಷದ ಸರ್ವಿಸ್ಸು. ತೀಡಿದ ಮೀಸೆ, ಇಸ್ತ್ರಿ ಮುರಿಯದ ಬಿಳಿ ಕೋಟು, ಸಾಲಾಗಿ ಹೊಳೆಯುವ ಹಲ್ಲು. ಮೇಜಿಂದ ಮೇಜಿಗೆ ಓಡಾಡುತ್ತ, ಹಲ್ಲುಗಳ ನಡುವೆ ಉಕ್ಕಿನ ತಂತಿಯೊಂದನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದ. ಮೊದಲ ದಿನವೇ ಅವಳ ಮೇಣದ ಕೆಲಸ ನೋಡಿ, ತಂತಿ ತೆಗೆದು, "ಯಾರು ಕಲಿಸಿದ್ದು?" ಎಂದ.

"ನಮ್ಮಪ್ಪ ಸರ್."

"ಒಳ್ಳೇದು. ಇಲ್ಲಿ ಅದನ್ನ ಮರೆತುಬಿಡು. ನಾಲ್ಕು ಗಂಟೆಗೆ ಟ್ರೇ ಎಲ್ಲ ನನ್ನ ಮೇಜಿಗೆ ತಂದಿಡು. ನಾನು ನೋಡದೆ ಏನೂ ತಪಾಸಣೆಗೆ ಹೋಗೋದಿಲ್ಲ."

ಅವಳು ತಂದಿಟ್ಟಳು. ದಿನಾ ತಂದಿಟ್ಟಳು. ಅವನು ಒಮ್ಮೆಯೂ ಚೆನ್ನಾಗಿದೆ ಎನ್ನಲಿಲ್ಲ. ಎಲ್ಲರೂ ಕೇಳುವ ಹಾಗೆ, "ನಮ್ಮ ಹೊಸ ಕಲಾವಿದೆ ಏನು ತಂದಿದ್ದಾಳೆ ನೋಡೋಣ" ಎನ್ನುತ್ತಿದ್ದ, ನೋಡಿ ತುಟಿ ಸೊಟ್ಟ ಮಾಡುತ್ತಿದ್ದ. ಮೇಜುಗಳಿಂದ ಕಿಸಕ್ಕನೆ ನಗು ಬರುತ್ತಿತ್ತು. ಅವಳು ಹಲ್ಲು ಕಚ್ಚಿ ಸಹಿಸಿದಳು. ದೊಡ್ಡ ಜಾಗ, ದೊಡ್ಡ ಕೈ, ತನ್ನಲ್ಲೇ ಏನೋ ಕೊರತೆ ಇರಬೇಕು ಎಂದುಕೊಂಡು ಇನ್ನಷ್ಟು ನಿಗಾ ಇಟ್ಟು ಮಾಡಿದಳು. ಫೋನಿನಲ್ಲಿ ಅಪ್ಪ, "ಮೇಸ್ತ್ರಿ ಕಟ್ಟುನಿಟ್ಟಾ? ಒಳ್ಳೇದೇ ಆಯ್ತು ಬಿಡು, ಅಂಥವರ ಕೈಕೆಳಗೇ ಕಲಿಯೋಕಾಗೋದು" ಎಂದ.

ಐದು ತಿಂಗಳಾದ ಮೇಲೆ ಯಜಮಾನಿ ಅವಳನ್ನು ಗಾಜಿನ ಕೋಣೆಗೆ ಕರೆಸಿದಳು. ಮುಂದೆ ಒಂದು ಹಾಳೆ.

"ನಿನ್ನ ಸಹಿಯಲ್ಲಿ ಬಂದಿರೋದು ಮೂರೇ ಸೆಟ್ಟು. ಮೂರೂ ವಾಪಸು ಬಂದಿವೆ. ಐದು ತಿಂಗಳು ಏನು ಮಾಡ್ತಿದ್ದೆ?"

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. "ಮೇಡಂ, ನಾನು ಹದಿನೈದಾದ್ರೂ ಮಾಡಿದೀನಿ."

"ಚೀಟಿ ತೋರಿಸು."

ಚೀಟಿ ಎಲ್ಲಿಂದ ತರುವುದು? ಯಜಮಾನಿ ವಾಪಸು ಬಂದ ಮೂರು ಟ್ರೇಗಳನ್ನು ಮೇಜಿನ ಮೇಲಿಟ್ಟಳು. ಅವಳು ಬಗ್ಗಿ ನೋಡಿದಳು. ಸಹಿ ಅವಳದೇ. ಆದರೆ ಹಲ್ಲು ಅವಳದಲ್ಲ. ಒಸಡಿನ ಅಂಚು ಇಲಿ ಕಡಿದ ಹಾಗೆ ಅಂಕುಡೊಂಕು, ಕೋರೆಹಲ್ಲು ಒಂದು ಆಕಡೆ ಒಂದು ಈಕಡೆ. ಇಂಥದ್ದನ್ನು ಅವಳು ಏಳನೇ ಕ್ಲಾಸಿನಲ್ಲೂ ಮಾಡಿರಲಿಲ್ಲ. ಅವಳ ಟ್ರೇಯ ಚೀಟಿ ಕಿತ್ತು ಯಾರೋ ತಮ್ಮ ಕೆಟ್ಟ ಕೆಲಸಕ್ಕೆ ಅಂಟಿಸಿದ್ದರು, ಅವಳ ಒಳ್ಳೆಯ ಕೆಲಸವನ್ನು ತಮ್ಮ ಸಹಿಯಲ್ಲಿ ಕಳಿಸಿದ್ದರು. ಯಾರೋ ಏನು ಬಂತು? ನಾಲ್ಕು ಗಂಟೆಗೆ ಅವಳ ಟ್ರೇಗಳು ಹೋಗುತ್ತಿದ್ದದ್ದು ಒಂದೇ ಮೇಜಿಗೆ.

"ಇದು ನಂದಲ್ಲ ಮೇಡಂ" ಎಂದಳು. ದನಿ ಅವಳಿಗೇ ಸುಳ್ಳಿನ ಹಾಗೆ ಕೇಳಿಸಿತು.

"ಇಲ್ಲಿ ಚೀಟಿ ಮಾತಾಡುತ್ತೆ, ಜನ ಅಲ್ಲ. ಇನ್ನೂ ಏಳು ತಿಂಗಳಿದೆ. ಇಪ್ಪತ್ತು ಮಾಡು. ಇಲ್ಲದಿದ್ರೆ ಇದ್ದದ್ದನ್ನ ಇದ್ದ ಹಾಗೆ ಬರೆದು ಊರಿಗೆ ಕಳಿಸ್ತೀನಿ."

ಹೊರಗೆ ಬಂದಾಗ ಮೇಸ್ತ್ರಿ ಕಿಟಕಿಯ ಹತ್ತಿರ ತಂತಿ ಕಚ್ಚಿಕೊಂಡು ನಿಂತಿದ್ದ. ಅವಳ ಮುಖ ನೋಡಿ ಮೀಸೆಯಡಿಯಲ್ಲಿ ನಕ್ಕ. ಆ ಕ್ಷಣದಲ್ಲೇ ಅವಳು ತೀರ್ಮಾನ ಮಾಡಿದಳು. ಇವನನ್ನು ಬಿಡುವುದಿಲ್ಲ. ಅಳು ಬರಲಿಲ್ಲ, ಊರು ನೆನಪಾಗಲಿಲ್ಲ, ಕೈ ಮಾತ್ರ ಬೆಂಕಿಯಾಗಿತ್ತು.

ಆ ಸಂಜೆ ಅಕ್ಕನ ಮುಂದೆ ಎಲ್ಲವನ್ನೂ ಕಾರಿಕೊಂಡಳು. ಅಕ್ಕ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೇಳಿಸಿಕೊಂಡಳು. "ಕೆಟ್ಟದಾಗಿ ಮಾಡಿಕೊಡು. ಅವನ ಸಹಿಯಲ್ಲೇ ಹೋಗುತ್ತಲ್ಲ, ಅನುಭವಿಸಲಿ" ಎಂದಳು.

ಅದು ಅವಳಿಗೂ ಹೊಳೆದಿತ್ತು. ಮಾರನೆಯ ದಿನ ಮೇಣದ ಚಾಕು ಹಿಡಿದು ಕೂತಳು. ಎದುರಿಗಿದ್ದದ್ದು ಅರವತ್ತೆಂಟರ ಯಾವುದೋ ಮನುಷ್ಯನ ಬಾಯಿ, ಒಸಡು ಸವೆದು ದಾರದಷ್ಟಾಗಿತ್ತು. ಆತ ಎಷ್ಟು ತಿಂಗಳಿಂದ ಗಂಜಿ ಕುಡಿದುಕೊಂಡು ಕಾದಿದ್ದಾನೋ! ಅವಳ ಕೈ ಮುಂದೆ ಹೋಗಲಿಲ್ಲ. ಆ ಸೆಟ್ಟನ್ನು ಎಂದಿನ ಹಾಗೆ ಚೆನ್ನಾಗಿಯೇ ಮಾಡಿದಳು, ನಾಲ್ಕು ಗಂಟೆಗೆ ತಂದಿಟ್ಟಳು, ಅವನು ತುಟಿ ಸೊಟ್ಟ ಮಾಡಿದ. ತನ್ನ ಕೆಲಸವನ್ನು ಮಾತ್ರ ಅವತ್ತಿನಿಂದ ಬರೆದಿಡತೊಡಗಿದಳು. ಟ್ರೇಯ ನಂಬರು, ತಾರೀಖು, ಎಷ್ಟನೇ ಹಲ್ಲನ್ನು ಯಾವ ಓರೆಗೆ ಕೂರಿಸಿದ್ದು, ಎಲ್ಲ ಒಂದು ಪುಸ್ತಕದಲ್ಲಿ. ಹಳೆಯವನ್ನೂ ನೆನಪು ಮಾಡಿ ಬರೆದಳು. ಅಷ್ಟರಿಂದ ಹೊಟ್ಟೆಯ ಉರಿ ಆರುತ್ತದೆಯೇ? ಊಟ ಮಾಡುವಾಗ, ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಅವನ ಮೀಸೆಯಡಿಯ ಆ ನಗು ಕಣ್ಣಿಗೆ ಕಟ್ಟಿದ ಹಾಗೇ ಇತ್ತು.

ಎಂಟನೆಯ ತಿಂಗಳಲ್ಲಿ ಆ ಟ್ರೇ ಬಂತು. ಮೇಸ್ತ್ರಿ ತಾನೇ ತಂದು ಅವಳ ಮೇಜಿನ ಮೇಲಿಟ್ಟ. "ಎಪ್ಪತ್ತು ವರ್ಷದ ಹೆಂಗಸು. ನನ್ನ ಸ್ನೇಹಿತ ಡಾಕ್ಟರ ಕಡೆಯವರು. ಹಳೇ ಸೆಟ್ಟು ಸೀಳು ಬಿಟ್ಟಿದೆ, ಅದರ ಅಚ್ಚನ್ನೂ ಇಟ್ಟಿದೀನಿ, ನೋಡ್ಕೊಂಡು ಹಾಗೇ ಮಾಡು. ಬೇರೆಯವರಿಗೆ ಕೊಡೋದು ಬೇಡ, ನೀನೇ ಮಾಡು."

'ನೀನೇ ಮಾಡು' ಎಂಬ ಮಾತು ಅವನ ಬಾಯಿಂದ ಬಂದದ್ದೇ ಮೊದಲು. ಅವಳು ಹಳೆಯ ಸೆಟ್ಟಿನ ಪ್ಲಾಸ್ಟರ್ ಅಚ್ಚನ್ನು ಒರೆಸಿ ಕಿಟಕಿಯ ಬೆಳಕಿಗೆ ಹಿಡಿದಳು. ಮೇಲಿನ ಮುಂದಿನ ಎರಡು ಹಲ್ಲುಗಳ ನಡುವೆ, ಅಂಚಿನಲ್ಲಿ, ದುಂಡಗೆ ಒಂದು ಕಚ್ಚು. ಸೂಜಿ ಕಚ್ಚಿಕೊಳ್ಳುವ ದರ್ಜಿಗಳಿಗೆ ಬೀಳುವಂಥದ್ದು, ಆದರೆ ಇದು ಸೂಜಿಗಿಂತ ದಪ್ಪ. ಅವಳು ತನ್ನ ಮೇಜಿನ ಉಕ್ಕಿನ ತಂತಿಯನ್ನು ತೆಗೆದು ಆ ಕಚ್ಚಿನಲ್ಲಿಟ್ಟಳು. ಬೆಣ್ಣೆಯಲ್ಲಿ ಕೂತ ಹಾಗೆ ಕೂತಿತು. ತಲೆ ಎತ್ತಿ ನೋಡಿದರೆ ಹಜಾರದ ಆ ತುದಿಯಲ್ಲಿ ಮೇಸ್ತ್ರಿ, ಹಲ್ಲಿನ ನಡುವೆ ತಂತಿ.

ಇಪ್ಪತ್ತಾರು ವರ್ಷ ಹಲ್ಲು ನೋಡಿದವನಿಗೆ ತನ್ನ ಹಲ್ಲು ತನ್ನ ಗುಟ್ಟು ಬಿಟ್ಟುಕೊಡುತ್ತದೆ ಎಂದು ಹೊಳೆಯಲಿಲ್ಲ. ದೊಡ್ಡ ಮೀಸೆಯ ಮೇಸ್ತ್ರಿ ಚೀಟಿಯಲ್ಲಿ ಎಪ್ಪತ್ತರ ಹೆಂಗಸಾಗಿದ್ದ. ಬಾಯಿ ತುಂಬ ಕಟ್ಟಿಸಿದ ಹಲ್ಲೆಂದು ಲ್ಯಾಬಿನಲ್ಲಿ ಯಾರಿಗೂ ಗೊತ್ತಾಗಬಾರದು. ಅದಕ್ಕೇ ಈ ವೇಷ. ಅದಲ್ಲ ಅವಳ ಮೈ ಉರಿಸಿದ್ದು. ದಿನವೂ ಅವಳ ಕೆಲಸಕ್ಕೆ ತುಟಿ ಸೊಟ್ಟ ಮಾಡಿದವನು ತನ್ನ ಸ್ವಂತ ಬಾಯಿಯ ಮಾತು ಬಂದಾಗ ಎಂಟು ಮೇಜು ದಾಟಿ ಅವಳ ಹತ್ತಿರವೇ ಬಂದಿದ್ದ. ಅಂದರೆ ಅವನಿಗೆ ಮೊದಲಿಂದ ಗೊತ್ತಿತ್ತು! ಅವಳ ಕೈ ಎಂಥದ್ದೆಂದು ಗೊತ್ತಿದ್ದೇ ಐದು ತಿಂಗಳು, ಆರು ತಿಂಗಳು, ಏಳು ತಿಂಗಳು ಕದ್ದಿದ್ದ.

ಈ ಬಾಯಿಯ ಮೇಲೆ ಅವಳಿಗೆ ಕನಿಕರ ಹುಟ್ಟಲಿಲ್ಲ. ಅಳತೆಗೆ ಸರಿಯಾಗಿ ಕೀಲುದವಡೆ ಕೂರಿಸಿದಳು. ತಿರುಪು ಬಿಗಿದು ಕೆಂಪು ಮೇಣ ಬಿಟ್ಟಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದ ಮೇಲೆ ಆ ಮೇಣವನ್ನು ಬಿಸಿ ಚಾಕುವಿನಿಂದ ಎಬ್ಬಿಸಿ, ತಿರುಪನ್ನು ಒಂದೂವರೆ ಸುತ್ತು ಏರಿಸಿ, ಹೊಸ ಮೇಣದ ತೊಟ್ಟನ್ನು ದುಂಡಗೆ ಬಿಟ್ಟಳು. ಎತ್ತರ ಎರಡು ಮಿಲಿಮೀಟರು ಏರಿತು. ಎರಡು ಮಿಲಿಮೀಟರು ಏನು ಮಹಾ ಎನ್ನುವವರು ಒಂದು ಬಟಾಣಿಯನ್ನು ದವಡೆಯಲ್ಲಿಟ್ಟುಕೊಂಡು ಒಂದು ದಿನ ಕಳೆಯಲಿ, ಆಮೇಲೆ ಮಾತಾಡೋಣ. ಉಳಿದದ್ದನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದಳು. ಒಸಡಿನ ನವುರು, ಹಲ್ಲಿನ ಓರೆ, ಬಣ್ಣ, ಹೊಳಪು, ಯಾವುದಕ್ಕೂ ಬೆರಳು ತೋರಿಸುವ ಹಾಗಿರಲಿಲ್ಲ. ಚೀಟಿಯ ಕೆಳಗೆ ಸಹಿಯನ್ನೂ ಹಾಕಿದಳು.

ಮೇಸ್ತ್ರಿ ನಾಲ್ಕು ಗಂಟೆಗೆ ಅದನ್ನು ತಿರುವಿ ತಿರುವಿ ನೋಡಿದ. ತುಟಿ ಸೊಟ್ಟ ಮಾಡಲಿಲ್ಲ. ಅವಳ ಚೀಟಿ ಕಿತ್ತು ಹೊಸ ಚೀಟಿ ಬರೆದು ತನ್ನ ಸಹಿ ಹಾಕಿದ. ಕೈಗೆ ಅಭ್ಯಾಸವಾಗಿಬಿಟ್ಟಿತ್ತು, ಪಾಪ. ಮೇಣ ಒಡೆಯದ ತಿರುಪನ್ನು ತಪಾಸಣೆಯಲ್ಲಿ ಯಾರೂ ಮತ್ತೆ ಅಳೆಯುವುದಿಲ್ಲ, ಸೆಟ್ಟು ಪಾಸಾಯಿತು.

ಮಾರನೆಯ ದಿನ ಹಜಾರಕ್ಕೆ ಬಂದವನ ಬಾಯಿಂದ ಮಾತಿನ ಜೊತೆಗೆ ಟಕ್ ಟಕ್ ಎಂಬ ಸದ್ದೂ ಬಂತು. ಮುಖ ಸ್ವಲ್ಪ ಉದ್ದವಾಗಿತ್ತು, ಸೀನು ಬಂದು ತಡೆಹಿಡಿದವನ ಹಾಗೆ. "ಶೀತ" ಎಂದು ಎಲ್ಲರಿಗೂ ಹೇಳಿದ. ಹೊಸ ಸೆಟ್ಟು ಹಾಕಿಕೊಂಡು ನೋವೆಂದು ಬಂದವರಿಗೆ 'ಹೊಸದಲ್ವಾ, ಅಭ್ಯಾಸ ಆಗುತ್ತೆ' ಎಂದು ಫೋನಿನಲ್ಲಿ ಸಾಗಹಾಕುತ್ತಿದ್ದವನು ಇವನೇ. ಈಗ ಅದನ್ನೇ ತನಗೆ ತಾನೇ ಹೇಳಿಕೊಂಡಿರಬೇಕು, ಸೀಳು ಬಿಟ್ಟ ಹಳೆಯದಕ್ಕೆ ಮರಳುವ ಹಾಗೂ ಇರಲಿಲ್ಲ. ಮೂರನೆಯ ದಿನ ತಂತಿ ಕಚ್ಚುವುದು ನಿಂತಿತು. ಎರಡನೆಯ ವಾರ ಊಟದ ಮೇಜಿಗೆ ಬರುವುದೂ ನಿಂತಿತು, ಲೋಟದಲ್ಲಿ ಏನೋ ತೆಳ್ಳಗಿನದನ್ನು ಕುಡಿದು ಮುಗಿಸುತ್ತಿದ್ದ. ಕೋಟು ಭುಜದ ಮೇಲೆ ಸಡಿಲಾಯಿತು. ಕಿವಿಯ ಬುಡವನ್ನು ಒತ್ತಿಕೊಳ್ಳುತ್ತ ನಿಲ್ಲುತ್ತಿದ್ದ.

ಅವಳಿಗೆ ಸುಖವಾಯಿತು. ಮುಚ್ಚಿಡುವುದು ಯಾಕೆ, ತುಂಬ ಸುಖವಾಯಿತು. ಡಬ್ಬಿಯ ಅನ್ನವನ್ನು ಅವನಿಗೆ ಕಾಣುವ ಕಡೆ ಕೂತು ನಿಧಾನವಾಗಿ ಅಗಿದು ತಿಂದಳು. "ಏನೇ, ಮುಖ ಅರಳಿದೆ?" ಎಂದು ಅಕ್ಕ ಕೇಳಿದಾಗ ಹೇಳಿಯೂ ಬಿಟ್ಟಳು. ಅಕ್ಕ ಮಂಚದ ಮೇಲೆ ಉರುಳಿ ಉರುಳಿ ನಕ್ಕು, "ನಮ್ಮ ಲಾಂಡ್ರೀಲೂ ಒಬ್ಬಳಿದ್ದಾಳೆ, ಅವಳಿಗೂ ಒಂದು ಸೆಟ್ಟು ಮಾಡಿಕೊಡೇ" ಎಂದಳು. ಅಪ್ಪನಿಗೆ ಮಾತ್ರ ಹೇಳಲಿಲ್ಲ. ಮೇಸ್ತ್ರಿ ಹೇಗಿದ್ದಾರೆ ಎಂದು ಅಪ್ಪ ಕೇಳಿದರೆ, "ಅವರಿಗೆ ಯಾಕೋ ಊಟ ಸೇರ್ತಿಲ್ವಂತೆ" ಎಂದು ಮಾತು ತೇಲಿಸಿದಳು.

ನಾಲ್ಕನೆಯ ವಾರ, ಊಟದ ಹೊತ್ತಿನಲ್ಲಿ, ಮೇಸ್ತ್ರಿ ಅವಳನ್ನು ಪ್ಲಾಸ್ಟರಿನ ಕೋಣೆಗೆ ಕರೆದು ಬಾಗಿಲು ಹಾಕಿದ. ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದ. ಇನ್ನೊಂದು ಕೈಯಿಂದ ಆ ಸೆಟ್ಟನ್ನು ಬೆಂಚಿನ ಮೇಲಿಟ್ಟ. ಎತ್ತರ ತಗ್ಗಿಸಲು ಹೋಗಿ ದವಡೆ ಹಲ್ಲುಗಳನ್ನೆಲ್ಲ ಅಡ್ಡಾದಿಡ್ಡಿ ಉಜ್ಜಿ ಹಾಳು ಮಾಡಿದ್ದ.

"ಇದನ್ನ ಸ್ವಲ್ಪ ನೋಡ್ತೀಯಾ?"

"ಯಾರದ್ದು ಸರ್? ಆ ಎಪ್ಪತ್ತರ ಅಮ್ಮಂದಾ?"

ಅವನು ಕರವಸ್ತ್ರ ಕೆಳಗಿಳಿಸಿದ. ಹಲ್ಲಿಲ್ಲದೆ ಮೀಸೆ ಒಳಕ್ಕೆ ಮಡಚಿಕೊಂಡಿತ್ತು, ಗಲ್ಲ ಮೂಗಿನ ಹತ್ತಿರಕ್ಕೆ ಬಂದಿತ್ತು. ಒಂದೇ ಸಲಕ್ಕೆ ಹದಿನೈದು ವರ್ಷ ಮುದುಕನಾಗಿದ್ದ. "ನಂದು" ಎಂದ.

"ಚೀಟೀಲಿ ನಿಮ್ಮ ಸಹಿ ಇದೆ ಸರ್. ವಾಪಸು ಬಂದದ್ದನ್ನ ಸಹಿ ಹಾಕಿದವರೇ ಸರಿ ಮಾಡ್ಬೇಕು. ನೀವೇ ಹೇಳಿಕೊಟ್ಟದ್ದು."

ಅವನು ಬಲಗೈ ಚಾಚಿದ. ಬೆರಳುಗಳು ಗಾಳಿಗೆ ಸಿಕ್ಕ ಎಲೆಗಳ ಹಾಗೆ ನಡುಗುತ್ತಿದ್ದವು. "ಎರಡು ವರ್ಷ ಆಯ್ತು. ಚಾಕು ನಿಲ್ಲಲ್ಲ. ಯಾರಿಗೂ ಹೇಳಿಲ್ಲ. ಹೇಳಿದ್ರೆ ಮನೆಗೆ ಕಳಿಸ್ತಾರೆ."

ಆ ಕೋರೆಹಲ್ಲುಗಳು, ಇಲಿ ಕಡಿದಂಥ ಆ ಅಂಚು, ಎಲ್ಲ ಅವಳಿಗೆ ಒಟ್ಟಿಗೆ ಅರ್ಥವಾಯಿತು. ಅರ್ಥವಾದರೆ ಸಿಟ್ಟು ಇಳಿಯಬೇಕಂತೆ. ಅವಳಿಗೆ ಏರಿತು. "ಹಾಗಂತ ನನ್ನ ಕೈ ಕದ್ರಾ? ನಿಮ್ಮ ಮರ್ಯಾದೆ ಉಳಿಸ್ಕೊಳ್ಳೋಕೆ ನನ್ನದನ್ನ ತೆಗೆದ್ರಾ? ಒಂದು ದಿನ ಬಾಯಿ ಬಿಟ್ಟು, ನನ್ನ ಕೈಲಾಗ್ತಿಲ್ಲ ಕಣಮ್ಮಾ ಅಂದಿದ್ರೆ ನನ್ನದೂ ನಿಮ್ಮದೂ ಎರಡೂ ನಾನೇ ಮಾಡಿಕೊಡ್ತಿದ್ದೆ. ನೀವು ಎಲ್ಲರ ಮುಂದೆ ನಕ್ರಿ!"

ಅವಳು ತನ್ನ ಪುಸ್ತಕ ತಂದು ಅವನ ಮುಂದಿಟ್ಟಳು. "ಇಪ್ಪತ್ತನಾಲ್ಕು ಇದೆ. ಒಂದೊಂದಕ್ಕೂ ಚೀಟಿ ಬರೀರಿ, ನನ್ನ ಹೆಸರಲ್ಲಿ. ವಾಪಸು ಬಂದ ಮೂರು ಯಾರದ್ದು ಅಂತಲೂ ಬರೀರಿ. ಯಜಮಾನಿಗೆ ನೀವೇ ಕೊಡಿ. ಆಮೇಲೆ ಹೊಸ ಅಳತೆ ತೆಗೆಸ್ಕೊಂಡು ಬನ್ನಿ, ನಾಲ್ಕು ದಿನದಲ್ಲಿ ಇನ್ನೊಂದು ಸೆಟ್ಟು ಮಾಡಿಕೊಡ್ತೀನಿ."

"ಬರೆದ್ರೆ ನನ್ನ ಕಥೆ ಮುಗೀತು."

"ಹಾಗಾದ್ರೆ ಅಭ್ಯಾಸ ಮಾಡ್ಕೊಳ್ಳಿ ಸರ್."

ಬರೆದ. ಪ್ಲಾಸ್ಟರಿನ ಧೂಳು ಮೆತ್ತಿದ ಸ್ಟೂಲಿನ ಮೇಲೆ ಕೂತು, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು, ಇಪ್ಪತ್ತನಾಲ್ಕು ಸಲ ಅವಳ ಹೆಸರು ಬರೆದ. ಅಕ್ಷರಗಳು ಓಲಾಡುತ್ತಿದ್ದವು. ಅವಳು ಎದುರಿಗೇ ನಿಂತು, ಒಂದು ಅಕ್ಷರ ಬಿಟ್ಟರೂ ಮತ್ತೆ ಬರೆಸಿದಳು. ಹುಟ್ಟಿದಾಗಿನಿಂದ ಅಷ್ಟು ತೃಪ್ತಿಯಾದ ಊಟ ಅವಳು ಮಾಡಿರಲಿಲ್ಲ, ಆ ದಿನ ಡಬ್ಬಿ ತೆರೆಯದೆಯೇ ಹೊಟ್ಟೆ ತುಂಬಿತ್ತು.

ಅವಳೂ ಮಾತಿಗೆ ತಪ್ಪಲಿಲ್ಲ. ಹೊಸ ಅಳತೆ ಬಂತು, ಹೊಸ ನಂಬರಿನ ಟ್ರೇ, ಹೊಸ ಕೀಲುದವಡೆ. ಎತ್ತರವನ್ನು ಕೂದಲೆಳೆಯೂ ತಪ್ಪದ ಹಾಗೆ ಕೂರಿಸಿ ಸೆಟ್ಟು ಮುಗಿಸಿಕೊಟ್ಟಳು. ಈ ಸಲದ ಚೀಟಿಯನ್ನು ಯಾರೂ ಕೀಳಲಿಲ್ಲ.

ವಾರವಾದ ಮೇಲೆ ಗಾಜಿನ ಕೋಣೆಯಿಂದ ಕರೆ ಬಂತು. ಯಜಮಾನಿಯ ಮೇಜಿನ ಮೇಲೆ ಓಲಾಡುವ ಅಕ್ಷರಗಳ ಚೀಟಿಗಳು ಒಂದು ಕಟ್ಟು. ಪಕ್ಕದಲ್ಲಿ ಅವಳ ಸರ್ಟಿಫಿಕೇಟು, ಅದರ ಮೇಲೆ ಇಪ್ಪತ್ತೈದು ಎಂಬ ಅಂಕಿ. ಅವಳ ಎದೆ ಉಬ್ಬಿತು.

"ಅವನು ಎಲ್ಲ ಹೇಳಿದ. ಕೈ ವಿಷಯ, ಚೀಟಿ ವಿಷಯ, ತನ್ನ ಬಾಯಿ ವಿಷಯ. ಇನ್ಮೇಲೆ ಅವನು ಯಾವ ಟ್ರೇಗೂ ಸಹಿ ಹಾಕೋದಿಲ್ಲ, ಪ್ಲಾಸ್ಟರ್ ಕಲಸಿಕೊಂಡು ಇರ್ತಾನೆ" ಎಂದಳು ಯಜಮಾನಿ. "ಐದು ತಿಂಗಳಾದಾಗ ನಾನು ಆ ಮೂರು ಸೆಟ್ಟನ್ನ ಸರಿಯಾಗಿ ನೋಡಬೇಕಿತ್ತು. ನೋಡಲಿಲ್ಲ. ಅದು ನನ್ನ ತಪ್ಪು."

ಅವಳು ಇಷ್ಟು ನ್ಯಾಯ ಸಿಗುತ್ತದೆಂದು ಅಂದುಕೊಂಡಿರಲಿಲ್ಲ.

"ಈಗ ಇದು." ಯಜಮಾನಿ ಮೇಜಿನ ಕೆಳಗಿಂದ ಎರಡು ಕೀಲುದವಡೆ ತೆಗೆದು ಪಕ್ಕಪಕ್ಕದಲ್ಲಿಟ್ಟಳು. "ಎರಡೂ ಅವನದೇ ಬಾಯಿ. ಎರಡಕ್ಕೂ ಡಾಕ್ಟರು ಬರೆದಿರೋ ಎತ್ತರ ಒಂದೇ. ಇದು ಮಾತ್ರ ಎರಡು ಮಿಲಿಮೀಟರ್ ಜಾಸ್ತಿ. ಕೈತಪ್ಪಿ ಆಯ್ತಾ?"

ಹೌದು ಎನ್ನಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು.

"ತಿರುಪು ತಾನಾಗಿ ಜರುಗಿದ್ರೆ ಮೇಲಿನ ಮೇಣ ಒಡೆದಿರ್ತಿತ್ತು. ಮೇಣ ಹೊಸದಾಗಿ ಬಿಟ್ಟಿದ್ದಾರೆ, ಮುತ್ತಿನ ಹಾಗೆ ದುಂಡಗೆ. ಇಷ್ಟು ಚೆನ್ನಾಗಿ ಮೇಣ ಬಿಡೋರು ಈ ಹಜಾರದಲ್ಲಿ ನಿನ್ನ ಬಿಟ್ರೆ ಯಾರೂ ಇಲ್ಲ."

"ಬೇಕಂತಲೇ ಮಾಡಿದ್ದು" ಎಂದಳು ಅವಳು. "ಅವರೊಬ್ಬರಿಗೆ. ಬೇರೆ ಯಾರಿಗೂ ಮಾಡಿಲ್ಲ. ಮಾಡೋದೂ ಇಲ್ಲ."

"ಕದಿಯೋನನ್ನ ನಾನು ಕಣ್ಣೆದುರಿಗೆ ಕೂರಿಸ್ಕೊಂಡು ಕಾಯಬಹುದು. ನಿನ್ನನ್ನ ಕಾಯೋದು ಹೇಗೆ? ನೀನು ಏನು ಮಾಡಿದ್ರೂ ನೋಡೋಕೆ ಚೆನ್ನಾಗೇ ಇರುತ್ತೆ." ಯಜಮಾನಿ ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ಅವಳ ಕಡೆ ಸರಿಸಿದಳು. "ಕೆಲಸ ಖಾಲಿ ಇದೆ. ನಿನಗಿಂತ ಒಳ್ಳೇ ಕೈ ನನಗೆ ಸಿಗೋದಿಲ್ಲ. ಯಾರ ಮೇಲೆ ಎಷ್ಟೇ ಸಿಟ್ಟು ಬಂದ್ರೂ ಅದನ್ನ ಟ್ರೇಗೆ ಇಳಿಸೋದಿಲ್ಲ ಅಂತ ಬರೆದು ಸಹಿ ಹಾಕು. ನೀನು ಬರೆದ್ರೆ ನಾನು ನಂಬ್ತೀನಿ."

ಅವಳು ಪೆನ್ನು ಎತ್ತಿಕೊಂಡಳು. ಸಹಿ ಹಾಕಲೆಂದೇ ಅಲ್ಲವೇ ಅಷ್ಟು ದೂರ ಹೋದದ್ದು. ಎರಡು ಸಾಲು ಬರೆಯಬೇಕು, ಕೆಳಗೆ ಹೆಸರು, ಅಷ್ಟೇ. ಆದರೆ ಒಳಗೊಂದು ಕುದಿ ಎದ್ದಿತ್ತು. ಐದು ತಿಂಗಳಾದಾಗ ಚೀಟಿ ತೋರಿಸು ಎಂದವಳು ಇವಳೇ. ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸುತ್ತೇನೆ ಎಂದವಳ ತಪ್ಪಿಗೆ ಒಂದು ಸಾಲಿನ ಮಾತು ಸಾಕಾಯಿತು. ತನ್ನ ತಪ್ಪಿಗೆ ಮುಚ್ಚಳಿಕೆ ಬರೆದುಕೊಡಬೇಕು. ಅವಳು ತಲೆ ಎತ್ತಿ ಯಜಮಾನಿಯ ಮುಖವನ್ನೇ ದಿಟ್ಟಿಸಿದಳು. ಅರವತ್ತರ ಆಸುಪಾಸು. ಬಲಗಡೆ ಹಿಂದಿನ ಹಲ್ಲುಗಳು ಹೋಗಿರಬೇಕು, ಕೆನ್ನೆ ಸ್ವಲ್ಪ ಇಳಿದಿದೆ. ಇನ್ನು ಐದಾರು ವರ್ಷಕ್ಕೆ ಪೂರಾ ಸೆಟ್ಟು ಬೇಕಾಗುತ್ತದೆ. ಮೂಗಿನ ಬುಡದಿಂದ ಗಲ್ಲದ ತುದಿಗೆ ಅರವತ್ತನಾಲ್ಕು, ಅರವತ್ತೈದು ಮಿಲಿಮೀಟರು. ಈ ಮುಖಕ್ಕೆ ಎರಡೇನು, ಒಂದು ಏರಿಸಿದರೆ ಸಾಕು.

ಬೆರಳ ನಡುವೆ ಪೆನ್ನು ತಣ್ಣಗಿತ್ತು. ತನ್ನ ಕಣ್ಣು ಏನು ಮಾಡುತ್ತಿದೆ ಎಂದು ಅವಳಿಗೆ ಆಗ ಗೊತ್ತಾಯಿತು. ಪೆನ್ನನ್ನು ಬಿಳಿ ಹಾಳೆಯ ಮೇಲಿಟ್ಟು, ಸರ್ಟಿಫಿಕೇಟು ಮಾತ್ರ ತೆಗೆದುಕೊಂಡು ಎದ್ದಳು.